ಮೂರನೇ ಗೇರು ಹಿಡಿದಿದ್ದ ಕೈ

ದೆವ್ವ, ಕಣಿ, ಮೈಮೇಲೆ ಬರುವುದು, ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಗಾಡಿ ಕೆಟ್ಟರೆ ಕಾರಣ ಇದ್ದೇ ಇರುತ್ತದೆ, ಬಿಚ್ಚಿ ನೋಡಿದರೆ ಸಿಗುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ಈಗ ಹೇಳಹೊರಟಿರುವುದಕ್ಕೆ ಮಾತ್ರ ನನ್ನ ಹತ್ತಿರ ಕಾರಣವಿಲ್ಲ. ಹೇಳಲು ನಾಚಿಕೆಯೂ ಆಗುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದ ಅಂಚಿನಲ್ಲಿ ನನ್ನದೊಂದು ತಗಡಿನ ಶೆಡ್ಡು. ಗೇರ್‌ಬಾಕ್ಸ್ ಕೆಲಸದಲ್ಲಿ ಆ ಕಡೆಯಲ್ಲೆಲ್ಲ ನನಗೆ ಹೆಸರಿತ್ತು, ಹೆಸರಿಗಿಂತ ಒಂದು ಕೈ ಮೇಲಾಗಿ ಜಂಬವಿತ್ತು. ಒಂದು ದಿನ ಯಡಿಯೂರಿನ ಗೌಡರೊಬ್ಬರು ತಮ್ಮ ಹಳೆಯ ಕಾರು ತಂದರು. ಎರಡು ತಿಂಗಳ ಹಿಂದೆ ಅದರ ಗೇರ್‌ಬಾಕ್ಸನ್ನು ನಾನೇ ರಿಪೇರಿ ಮಾಡಿದ್ದೆ. ಈಗ ಇಳಿಜಾರಿನಲ್ಲಿ ಮೂರನೇ ಗೇರು ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತಿದೆ ಎಂಬ ದೂರು.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗೇರಿನ ದೂರು ಬಂದರೆ ಮೊದಲು ಡ್ರೈವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಬೇಕು. ದಿನಾ ಹಿಡಿಯುವ ಕೈಗೆ ಗೊತ್ತಿರುವುದು ಸ್ಪ್ಯಾನರಿಗೆ ಗೊತ್ತಿರುವುದಿಲ್ಲ. ನಾನು ಕೇಳಲಿಲ್ಲ. ಡ್ರೈವರ್ ಮುನಿಯಪ್ಪ ಹನ್ನೆರಡು ವರ್ಷದಿಂದ ಗೌಡರ ಗಾಡಿ ಓಡಿಸುತ್ತಿದ್ದವನು. ಏನೋ ಹೇಳಲು ಬಾಯಿ ತೆರೆದ. ತಪ್ಪು ನನ್ನ ತಲೆಗೆ ಬಂದೀತೆಂಬ ಭಯಕ್ಕೆ ನಾನೇ ಮುಂದಾಗಿ, “ಇವ್ನು ಯಾವಾಗ್ಲೂ ಗೇರ್ ಮೇಲೆ ಕೈ ಇಟ್ಕೊಂಡೇ ಓಡಿಸ್ತಾನೆ ಸಾರ್, ನಾನೇ ನೋಡಿದೀನಿ. ಆ ಭಾರಕ್ಕೆ ಒಳಗೆಲ್ಲ ಸವ್ದೋಗಿದೆ” ಎಂದುಬಿಟ್ಟೆ.

ಹಾಗೆ ಕೈಯಿಟ್ಟರೆ ಸವೆಯುತ್ತದೆಂಬುದು ಸುಳ್ಳಲ್ಲ. ಅವನು ಕೈಯಿಡುತ್ತಿದ್ದುದೂ ಸುಳ್ಳಲ್ಲ. ಗೌಡರು ನನ್ನ ಶೆಡ್ಡಿನ ಬಾಗಿಲಲ್ಲೇ, “ನಾಳೆಯಿಂದ ಬರ್ಬೇಡ ಕಣಯ್ಯ” ಎಂದರು. ಮುನಿಯಪ್ಪ ಬೀಗದಕೈ ಕೊಟ್ಟು ನಡೆದುಕೊಂಡೇ ಹೋದ.

ಮರುದಿನ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಒಬ್ಬನೇ ಆ ಕಾರು ತೆಗೆದುಕೊಂಡು ಬನಶಂಕರಿ ಗುಡಿಯಾಚೆಯ ಇಳಿಜಾರಿಗೆ ಹೋದೆ. ಮೂರನೇ ಗೇರು ಹಾಕಿ ಕೈ ತೆಗೆದೆ. ಜಾರಲಿಲ್ಲ. ಮೂರು ಸಲ ಹತ್ತಿ ಇಳಿದರೂ ಗೇರ್ ಲಿವರ್ ಅಲುಗಲಿಲ್ಲ. ಡ್ರೈವರ್ ಹೋದ, ಕಾಯಿಲೆಯೂ ಹೋಯಿತು ಎಂದು ಹಿಗ್ಗಿದೆ. ಕೊನೆಯ ಸಲ ಇಳಿದು ಗೇರು ಬದಲಿಸಲು ಲಿವರಿನ ತಲೆ ಹಿಡಿದರೆ ಅದು ಬೆಚ್ಚಗಿತ್ತು, ಬೆವರಿಗೆ ಒದ್ದೆಯಾಗಿತ್ತು. ನನ್ನ ಅಂಗೈ ಒಣಗಿಯೇ ಇತ್ತು. ಎಂಜಿನ್ ಶಾಖವಿರಬೇಕು ಎಂದುಕೊಂಡೆ.

ಶೆಡ್ಡಿಗೆ ಬಂದು ಗೇರ್‌ಬಾಕ್ಸ್ ಬಿಚ್ಚಿ ನೋಡಿದೆ. ಗೇರು ಜಾರದಂತೆ ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗೊಂದಿರುತ್ತದೆ. ಅದು ಅಲ್ಲಿರಲೇ ಇಲ್ಲ. ಎರಡು ತಿಂಗಳ ಹಿಂದೆ ಹಾಕುವುದನ್ನೇ ನಾನು ಮರೆತಿದ್ದೆ. ಮುನಿಯಪ್ಪ ಕೈಯಿಟ್ಟಿದ್ದಕ್ಕೆ ಗೇರು ಕೆಟ್ಟಿರಲಿಲ್ಲ, ಗೇರು ನಿಲ್ಲದ್ದಕ್ಕೆ ಅವನು ಕೈಯಲ್ಲಿ ಹಿಡಿದುಕೊಂಡಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಅದೇ ಕಥೆಯಾಯಿತು. ಸರಿ, ಆ ಬೆಳಿಗ್ಗೆ ಇಳಿಜಾರಿನಲ್ಲಿ ಅದನ್ನು ಹಿಡಿದಿದ್ದವರು ಯಾರು?

ಒಪ್ಪಿಕೊಂಡುಬಿಡೋಣ ಎಂದು ಸಂಜೆ ತ್ಯಾಗರಾಜನಗರದ ಅವನ ಮನೆಗೆ ಹೋದೆ. ಹೆಂಡತಿ ಅವನ ಬಲಗೈಗೆ ಹರಳೆಣ್ಣೆ ತಿಕ್ಕುತ್ತಿದ್ದಳು. “ಬೆಳಿಗ್ಗೆ ಹನ್ನೊಂದು ಗಂಟೇಲಿ ಸುಮ್ನೆ ಕೂತಿದ್ರು ಅಣ್ಣ. ಇದ್ದಕ್ಕಿದ್ದಂಗೆ ಮುಷ್ಟಿ ಬಿಗಿದೋಯ್ತು. ಬಿಡ್ಸೋಕೇ ಆಗ್ತಿಲ್ಲ” ಎಂದಳು.

ಮುನಿಯಪ್ಪ ನನ್ನನ್ನು ಕಂಡು ಎದ್ದು ನಿಂತ. “ಇಳಿಜಾರಲ್ಲಿ ಆ ಗಾಡೀನ ಹುಷಾರಾಗಿ ಓಡ್ಸಿ ಮೇಸ್ತ್ರಿ. ಥರ್ಡ್ ನಿಲ್ಲಲ್ಲ, ಕೈಲಿ ಹಿಡ್ಕೋಬೇಕು. ನಿನ್ನೆ ಅದನ್ನೇ ಹೇಳ್ಬೇಕು ಅಂತಿದ್ದೆ” ಎಂದ.

“ಸರಿ ಮಾಡಿದೀನಿ ಬಿಡಪ್ಪ” ಎಂದಷ್ಟೇ ಹೇಳಿ ಹೊರಬಂದೆ. ಸ್ಪ್ರಿಂಗ್ ಹಾಕಿ ಕಾರು ಕೊಟ್ಟಾಗ ಗೌಡರು ಭೇಷ್ ಎಂದರು. ಆಗ ಒಂದು ಮಾತು ಹೇಳಿದ್ದರೆ ಮುನಿಯಪ್ಪನಿಗೆ ಕೆಲಸ ಮರಳಿ ಸಿಗುತ್ತಿತ್ತು. ಹೇಳಲಿಲ್ಲ.

ಆ ಇಳಿಜಾರಿನಲ್ಲಿ ಗೇರು ಹೇಗೆ ನಿಂತಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅವನನ್ನೇ ಕೇಳಿದ್ದರೆ ಏನಾದರೂ ತಿಳಿಯುತ್ತಿತ್ತೇನೋ. ಆದರೆ ಕೇಳುವುದಕ್ಕೆ ಅವನ ಮುಂದೆ ಹೋಗಿ ನಿಲ್ಲಬೇಕಿತ್ತು.