ಕರೆಂಟ್ ಹೋದಾಗಿನ ಮಾತು

ಮೊನ್ನೆ ಜಮಖಂಡಿಯ ಅಂಗಡಿಯಲ್ಲಿ ಹೊಸ ಕಾಟನ್ ಸೀರೆಯೊಂದನ್ನು ಬಿಚ್ಚಿ ಹರವಿದರು. ಗಂಜಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಪಕ್ಕದ ಮನೆಯ ಮೌಶಿ ಕಣ್ಣೆದುರು ಬಂದಳು. ಅವಳ ಸೆರಗಿಗೂ ಇದೇ ವಾಸನೆ...

ಆಗ ನಾನು ಪಿಯುಸಿ. ಬಾಯಿ ತೆರೆದರೆ ಕಾಲೇಜಿನ ಮಾತು ಬಸ್ಸಿಗೆ ಹಾರಿ, ಬಸ್ಸಿನಿಂದ ಮಹಾಲಿಂಗಪುರದ ಬೆಲ್ಲಕ್ಕೆ ಹಾರಿ, ಹೇಳಹೊರಟದ್ದೇ ಕೈಬಿಟ್ಟು ಹೋಗುತ್ತಿತ್ತು. ಇನ್ನೊಬ್ಬರ ಮಾತು ಮುಗಿಯುವ ತನಕ ತಡೆಯಲಾಗುತ್ತಿರಲಿಲ್ಲ. ತಡೆದರೆ ನನ್ನದು ಮರೆತೇ ಹೋಗುತ್ತಿತ್ತು. "ತಲಿ ಇಲ್ಲ, ಬುಡ ಇಲ್ಲ. ಸುಮ್ನ ಕುಂಡ್ರ ಬೇ," ಎನ್ನುತ್ತಿದ್ದಳು ಅವ್ವ. ಗೆಳತಿಯರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ಮನೆ ತುಂಬ ಜನ, ಓಣಿ ತುಂಬ ಜನ. ನನ್ನ ಮಾತನ್ನು ಕೊನೆಯವರೆಗೆ ಕೇಳುವವರು ಮಾತ್ರ ಇಲ್ಲ. ಎಂಥ ಒಂಟಿತನ ಅದು!

ಮೌಶಿಯ ಮನೆಯಲ್ಲಿ ಸೀರೆ ನೇಯುವ ಪವರ್‌ಲೂಮ್ ಮಗ್ಗ ಓಡುವಾಗ ಕಿವಿಗೆ ಏನೂ ಬೀಳುತ್ತಿರಲಿಲ್ಲ, ಕೈಸನ್ನೆಯೇ ಗತಿ. ಕರೆಂಟ್ ಹೋದರೆ ಓಣಿಗೆ ಓಣಿಯೇ ಶಪಿಸುತ್ತಿತ್ತು. ನಾನೊಬ್ಬಳು ಖುಷಿಯಿಂದ ಅವಳ ಮನೆಗೆ ಓಡುತ್ತಿದ್ದೆ.

"ಹೂಂ, ಕರೆಂಟ್ ಹೋತು. ಈಗ ಹೇಳ ನಮ್ಮವ್ವ."

ಎನ್ನುತ್ತ ಮೌಶಿ ನೂಲು ಸುತ್ತುವ ರಾಟಿಯನ್ನು ನನ್ನ ಮುಂದೆ ಸರಿಸುತ್ತಿದ್ದಳು. ಕೈ ಸುತ್ತುತ್ತಿದ್ದರೆ ಬಾಯಿಯೂ ತುಸು ನಿಧಾನಕ್ಕೆ ಬರುತ್ತಿತ್ತು. ಆದರೂ ನಡುವೆ ಎಲ್ಲೋ ತಪ್ಪುತ್ತಿತ್ತು. ಅವಳು ಬೈಯುತ್ತಿರಲಿಲ್ಲ, ನಾನು ಬಿಟ್ಟ ಕಡೆಯ ಮಾತನ್ನು ಎತ್ತಿಕೊಡುತ್ತಿದ್ದಳು. "ಮುಧೋಳ ಬಸ್ಸಿನ್ಯಾಗ ಕುಂತಿದ್ದಿ... ಮುಂದ?" ಅಷ್ಟೇ. ಆಮೇಲೆ ಕಾಯುತ್ತಿದ್ದಳು.

ಒಮ್ಮೆ ನನ್ನ ಮಾತಿನ ನಡುವೆಯೇ ಕರೆಂಟ್ ಬಂತು. ಮೌಶಿ ಮಗ್ಗ ಚಾಲು ಮಾಡಲಿಲ್ಲ. "ಏನ ಮಾಡಾಕತ್ತಿ ಒಳಗ?" ಎಂದು ಅವಳ ಗಂಡ ಹೊರಗಿನಿಂದ ಕೂಗಿದ.

"ತಡೀರಿ, ಹುಡುಗಿ ಮಾತ ಮುಗೀಲಿ."

ನನಗೆ ಅಳುವೇ ಬಂದುಬಿಟ್ಟಿತು.

ಈಗ ನನಗೆ ನಲವತ್ತು ದಾಟಿದೆ. ಗಮನ ನಿಲ್ಲದ ಈ ತೊಂದರೆಗೆ ಎಡಿಎಚ್‌ಡಿ ಎಂಬ ಹೆಸರಿದೆ, ಮಾತು ಹಾರುವುದು, ನಡುವೆ ಬಾಯಿ ಹಾಕುವುದು ಎಲ್ಲ ಅದರದ್ದೇ ಎಂದು ಡಾಕ್ಟರು ಹೇಳಿದ್ದು ಹೋದ ತಿಂಗಳು. ಮೊದಲು ಮೌಶಿಗೆ ಹೇಳಬೇಕೆನಿಸಿತು. ಅವಳು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ.

ಸೀರೆ ಕೊಂಡು ಅಂದೇ ಬನಹಟ್ಟಿಗೆ ಹೋದೆ. ಮೌಶಿಯ ಮನೆಯಲ್ಲಿ ಮಗ್ಗದ ಸದ್ದಿಲ್ಲ, ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ಕೂತು ಮೆಲ್ಲಗೆ ಹೇಳತೊಡಗಿದೆ: "ಮೌಶಿ, ನಾ ದಡ್ಡಿ ಅಲ್ಲಂತ. ಡಾಕ್ಟರ್ ಹೇಳಿದ್ರು, ಅದು..."

ಅರ್ಧಕ್ಕೆ ಮರೆತುಹೋಯಿತು. ಅಲ್ಲೇ ಕೂತು ಕಾದೆ. ಎತ್ತಿಕೊಡಲು ಯಾರೂ ಇರಲಿಲ್ಲ.