ಅವರೇ ಓದಬೇಕಾದ ಪುಟ

‘ಕ್ಷಮೆಯೇ ದೊಡ್ಡ ಗುಣ’ ಅನ್ನುವ ವಿಷಯದ ಮೇಲೆ ಚರ್ಚಾ ಸ್ಪರ್ಧೆಯಲ್ಲಿ ನಾನು ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ಮಾತಾಡಿ ಎರಡು ಸಲವೂ ಬಹುಮಾನ ತಗೊಂಡಿದ್ದೇನೆ. ಈಗ ನನ್ನನ್ನು ಕೇಳಿದರೆ ನಾನು ವಿರೋಧ.

ದೊಡ್ಡಮ್ಮ, ಅಂದರೆ ನನ್ನ ಅಮ್ಮನ ಅಕ್ಕ, ಮದುವೆಯಾಗದೆ ಮೂಡಲಪಾಳ್ಯದ ನಮ್ಮ ಮನೆಯಲ್ಲೇ ಇದ್ದಳು. ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ ಅವಳದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಕಾಲೇಜು ಹುಡುಗರ ಪ್ರಾಜೆಕ್ಟು, ವೈಕುಂಠ ಸಮಾರಾಧನೆಯ ಕಾರ್ಡು ಟೈಪ್ ಮಾಡುತ್ತಿದ್ದಳು. ಆ ವರ್ಷ ಒಬ್ಬ ಹೆಸರಾಂತ ಕಾದಂಬರಿಕಾರರು ತಮ್ಮ ಹೊಸ ಕಾದಂಬರಿಯ ಕೆಲಸ ಕೊಟ್ಟರು. ನಾಲ್ಕು ತಿಂಗಳು ಕಂತುಕಂತಾಗಿ ಹಾಳೆ ತಂದರು, ಪಕ್ಕದ ಸ್ಟೂಲಿನ ಮೇಲೆ ಕೂತು ಬೈಟು ಕಾಫಿ ಕುಡಿದರು, ಅವಳನ್ನು ಮಾತಾಡಿಸಿದರು. “ಎಷ್ಟು ಸಮಾಧಾನವಾಗಿ ಕೇಳಿಸ್ಕೋತಾರೆ ಕಣೇ. ನಮ್ಮಂಥೋರ ಮಾತು ಯಾರು ಕೇಳ್ತಾರೆ?” ಅಂತ ಅವಳು ಮನೆಗೆ ಬಂದು ಹೇಳುತ್ತಿದ್ದಳು.

ನಾನಾಗ ಬಿ.ಎ. ಎರಡನೇ ವರ್ಷ. ರಜೆಯಲ್ಲಿ ಪ್ರೂಫ್ ನೋಡಲು ಜೊತೆಗೆ ಕೂರುತ್ತಿದ್ದೆ. ನಾನು ಕೈಬರಹ ಹಿಡಿದು ಗಟ್ಟಿಯಾಗಿ ಓದಬೇಕು, ಅವಳು ಪ್ರಿಂಟಿನ ಮೇಲೆ ಕಣ್ಣಿಟ್ಟು ತಪ್ಪು ಹುಡುಕಬೇಕು. ಒಂದು ಅಧ್ಯಾಯದಲ್ಲಿ ಒಬ್ಬ ಪೆದ್ದು ಹೆಂಗಸು ಬಂದಳು. ಅವಳನ್ನು ನೋಡಲು ಬಂದ ಗಂಡು, ನೀರು ತಂದುಕೊಟ್ಟ ತಂಗಿಯನ್ನು ಒಪ್ಪಿಕೊಂಡು ಹೋಗುತ್ತಾನೆ. ಇವಳು ಪ್ರತಿ ವರ್ಷ ತಂಗಿಯ ಮದುವೆಯ ದಿನ ಬಾಗಿಲು ಹಾಕಿಕೊಂಡು, ಆ ಗಂಡು ನೋಡಲು ಬಂದಾಗ ಉಟ್ಟಿದ್ದ ಸೀರೆಯನ್ನೇ ಉಟ್ಟು, ಕನ್ನಡಿಯ ಮುಂದೆ ಕಾಫಿ ತಟ್ಟೆ ಹಿಡಿದು ನಿಲ್ಲುತ್ತಾಳೆ. ಬರವಣಿಗೆ ತಮಾಷೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ನಾನು ವೇದಿಕೆಯ ದನಿ ತೆಗೆದು, ನಗಿಸುವ ಕಡೆ ನಿಲ್ಲಿಸಿ ನಿಲ್ಲಿಸಿ ಓದಿದೆ. ನಾನೂ ನಕ್ಕೆ. ಆಮೇಲೆ ಸೀರೆಯ ವಿವರ ಬಂತು. ನೇರಳೆ ಬಣ್ಣ, ಸಣ್ಣ ಜರಿ, ಸೆರಗಿನಲ್ಲಿ ಕಾಫಿ ಚೆಲ್ಲಿದ ಕಲೆ. ಆ ಸೀರೆ ನಮ್ಮ ಮನೆಯ ಬೀರುವಿನಲ್ಲಿತ್ತು.

“ಯಾಕೆ ನಿಲ್ಲಿಸ್ದೆ?”

“ದೊಡ್ಡಮ್ಮ, ಇದು...”

“‘ಕಲೆ’ ಆದ್ಮೇಲೆ ಕಾಮಾನೋ ಫುಲ್‌ಸ್ಟಾಪೋ, ಅದನ್ನ ಹೇಳು.”

ಅಪ್ಪ ದೊಡ್ಡಮ್ಮನನ್ನು ನೋಡಲು ಬಂದು ಅಮ್ಮನನ್ನು ಒಪ್ಪಿದ್ದು ನಮ್ಮ ಮನೆಯಲ್ಲಿ ಗುಟ್ಟೇನಲ್ಲ, ಹಬ್ಬದ ಊಟದಲ್ಲಿ ಹೇಳಿ ನಗುವ ಕತೆ. ದೊಡ್ಡಮ್ಮನೂ ನಗುತ್ತಾಳೆ. ಅವಳಿಗೆ ಇನ್ನೂ ನೋಯುತ್ತದೆ ಅನ್ನುವುದು ಗುಟ್ಟು. ಅದು ನನಗೂ ಗೊತ್ತಿರಲಿಲ್ಲ, ಸ್ಟೂಲಿನ ಮೇಲೆ ಕೂತವರಿಗೆ ಗೊತ್ತಿತ್ತು. “ನಿಮ್ಮಮ್ಮಂಗೆ ಗೊತ್ತಾಗ್ಬಾರ್ದು. ಒಂದೇ ಅಡುಗೆಮನೇಲಿ ನಿಂತ್ಕೋಬೇಕು ನಾವಿಬ್ರು,” ಅಂದಳು. ಆ ಅಧ್ಯಾಯವನ್ನು ಒಂದಕ್ಷರ ಬದಲಿಸದೆ ಟೈಪ್ ಮಾಡಿದ್ದಳು.

ಪುಸ್ತಕ ಬಿಡುಗಡೆ ರಾಜಾಜಿನಗರದ ಸಭಾಂಗಣವೊಂದರಲ್ಲಿ, ಭಾನುವಾರ ಬೆಳಗ್ಗೆ. ಅಕ್ಷರ ಜೋಡಿಸಿದವರಿಗೂ ಒಂದು ಶಾಲು ಅಂತ ದೊಡ್ಡಮ್ಮನನ್ನು ಕರೆದಿದ್ದರು. ಹೊದಿಸಿದ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ನಾಲ್ಕನೇ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ನಾನು, ನನ್ನ ಮುಷ್ಟಿಯಲ್ಲಿ ಮೂರು ಅಂಶ ಬರೆದ ಚೀಟಿ.

ಸಂವಾದ ಶುರುವಾದಾಗ, ಪ್ರತಿ ಮೊದಲೇ ಸಿಕ್ಕಿ ಓದಿದ್ದ ಮುಂದಿನ ಸಾಲಿನ ಒಬ್ಬರು ಎದ್ದರು. “ಆ ಸೀರೆ ಹೆಂಗಸು ಸಾರ್! ನಕ್ಕು ನಕ್ಕು ಸಾಕಾಯ್ತು. ಹಾಗೆ ಯಾರಾದ್ರೂ ಇದಾರಾ?”

“ಶುದ್ಧ ಕಲ್ಪನೆ. ಅಂಥೋರು ನಿಜವಾಗ್ಲೂ ಸಿಕ್ಕಿದ್ರೆ ನಾನ್ಯಾಕೆ ಕಾದಂಬರಿ ಬರೀತಿದ್ದೆ?” ಅಂದರು ಕಾದಂಬರಿಕಾರರು. ಸಭೆ ನಕ್ಕಿತು.

ನಾನು ಕೈಯೆತ್ತಿದೆ. ಮೈಕು ಬರುವಷ್ಟರಲ್ಲಿ ದೊಡ್ಡಮ್ಮ ತುಟಿ ಅಲ್ಲಾಡಿಸದೆ, “ಏನ್ ಬೇಕಾದ್ರೂ ಕೇಳು. ನನ್ನ ಕಡೆ ಮಾತ್ರ ತಿರುಗ್ಬೇಡ,” ಅಂದಳು.

ಮೂರು ಅಂಶವೂ ಅಲ್ಲೇ ಬಿದ್ದುಹೋದವು. ಅವರ ಸುಳ್ಳಿಗೆ ನನ್ನ ಬಳಿ ಇದ್ದದ್ದು ಒಂದೇ ಸಾಕ್ಷಿ, ಆ ಸಾಕ್ಷಿಯನ್ನು ತೋರಿಸುವ ಹಾಗಿರಲಿಲ್ಲ. ಅಮ್ಮ ಕಾದಂಬರಿ ಓದುವವಳಲ್ಲ, ಆದರೆ ತೋರಿಸಿದರೆ ಸಂಜೆಯೊಳಗೆ ಅವಳಿಗೆ ಸುದ್ದಿ.

“ಪ್ರಶ್ನೆ ಇಲ್ಲ ಸಾರ್, ಒಂದು ಕೋರಿಕೆ. ಆ ಸೀರೆ ಪುಟ ನೀವೇ ಓದಿ, ನಿಮ್ಮ ಬಾಯಲ್ಲಿ ಕೇಳ್ಬೇಕು.”

ಖುಷಿಯಾಗಿಯೇ ಶುರು ಮಾಡಿದರು. ಎರಡು ಕಡೆ ನಗೆ ಬಂತು. ಮೂರನೆಯದಕ್ಕೆ ತಲೆಯೆತ್ತಿದಾಗ ಅವರ ಕಣ್ಣು ನಾಲ್ಕನೇ ಸಾಲಿಗೆ ಬಿತ್ತು. ದೊಡ್ಡಮ್ಮ ಪುಸ್ತಕ ತೆರೆದು, ಬೆರಳಿಟ್ಟು, ಅವರು ಓದಿದ್ದನ್ನು ಸಾಲುಸಾಲಾಗಿ ಸರಿನೋಡುತ್ತಿದ್ದಳು. ಅವರ ದನಿ ತಗ್ಗಿತು. ‘ಸೆರಗಿನಲ್ಲಿ’ ಅಂದು ನಿಂತರು. ನೀರು ಕುಡಿದರು. ನನಗೆ ಆ ನಿಮಿಷ ಎಷ್ಟು ಹಿತವಾಗಿತ್ತು ಅಂದರೆ, ಹಾಗೆ ಹೇಳಲು ಇವತ್ತಿಗೂ ನಾಚಿಕೆಯಿಲ್ಲ.

ಆದರೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಲೇಖಕರು ತಮ್ಮದೇ ಪಾತ್ರಕ್ಕೆ ಕರಗಿಹೋದರು ಅಂತ!

ಆಮೇಲೆ ಹಸ್ತಾಕ್ಷರದ ಸಾಲಿನಲ್ಲಿ ನನ್ನ ಸರದಿ ಬಂತು. “ಬೇಕಂತ್ಲೇ ಓದಿಸ್ದೆ, ಅಲ್ವಾ?” ಅಂದರು ಮೆಲ್ಲಗೆ, ತಲೆಯೆತ್ತದೆ.

“ಹೌದು ಸಾರ್. ಇನ್ಮೇಲೂ ಓದಿಸ್ತೀನಿ. ನೀವು ಹೋದ ಕಡೆಯೆಲ್ಲ ಬರ್ತೀನಿ.”

ಪೆನ್ನು ಅಲ್ಲೇ ನಿಂತಿತು. ಅವರ ಮುಖ ನೋಡಿ, ಗೆದ್ದೆ ಅಂದುಕೊಂಡೆ.

ಮುಂದಿನ ತಿಂಗಳು ವಿಜಯನಗರದಲ್ಲಿ ಅವರ ಕಾರ್ಯಕ್ರಮ. ಒಬ್ಬಳೇ ಹೋಗಿ ಮೊದಲ ಸಾಲಿನಲ್ಲಿ ಕೂತೆ. ನಾನು ಕೈಯೆತ್ತುವ ಮೊದಲೇ ಅವರು ನನ್ನನ್ನು ನೋಡಿ, ಅದೇ ಪುಟ ತೆರೆದರು. ಅದೇ ದನಿ. ‘ಸೆರಗಿನಲ್ಲಿ’ ಅಂದು, ಅದೇ ಜಾಗದಲ್ಲಿ ನಿಂತು, ಈ ಸಲ ಕರ್ಚೀಫು ತೆಗೆದರು. ಪಕ್ಕದ ಆಂಟಿ ಕಣ್ಣೊರೆಸಿಕೊಂಡರು. ಚಪ್ಪಾಳೆ ರಸ್ತೆಗೆ ಕೇಳಿಸಿರಬೇಕು. ಎಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಕಲಿಸಿಕೊಟ್ಟವಳು ನಾನು.

ಸಾಲಿನಲ್ಲಿ ನಿಂತು ಅವರ ಮುಂದೆ ಹೋದೆ. “ಇವತ್ತು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿಸಿದ್ರಿ ಸಾರ್. ನಾನು ತೀರ್ಪುಗಾರ್ತಿ ಆಗಿದ್ರೆ ಎರಡು ಅಂಕ ಕಳೀತಿದ್ದೆ.”

“ಆದ್ರೂ ಮೊದಲ ಬಹುಮಾನ ನನಗೇ ಬರ್ತಿತ್ತು ಕಣಮ್ಮ,” ಅಂದು ನಗುತ್ತಾ ಸಹಿ ಹಾಕಿದರು.

ಮನೆಯಲ್ಲಿ ದೊಡ್ಡಮ್ಮ ಕೇಳಿದಳು. “ಓದಿದ್ರಾ?”

“ಇಲ್ಲ, ಬೇರೆ ಅಧ್ಯಾಯ.”

“ಹಾಗಾದ್ರೆ ಒಳ್ಳೇವ್ರೇ ಬಿಡು,” ಅಂದಳು. ಆ ಮಾತಿಗಾಗಿ ಅವರನ್ನು ನಾನು ಇನ್ನೂ ಹೆಚ್ಚು ದ್ವೇಷಿಸುತ್ತೇನೆ.

ಅಮ್ಮನಿಗೆ ಈಗ ಎಲ್ಲ ಗೊತ್ತು. ಕಳೆದ ವರ್ಷ ದೊಡ್ಡಮ್ಮನೇ, ತನಗೆ ಬೇಕಾದ ಹೊತ್ತಿಗೆ, ಹೇಳಿದಳು. ಅಡುಗೆಮನೆಯಲ್ಲಿ ಏನು ನಡೆಯಿತೋ ನಾನು ಕೇಳಿಲ್ಲ. ಇದನ್ನು ಬರೆದ ಮೇಲೆ ಅಚ್ಚಿಗೆ ಕೊಡುವ ಮುಂಚೆ ದೊಡ್ಡಮ್ಮನಿಗೆ ಕೊಟ್ಟೆ. ಪೂರ್ತಿ ಓದಿ, ಒಂದು ಪ್ಯಾರಾದ ಮೇಲೆ ಬೆರಳಿಟ್ಟು, “ಇದು ಬೇಡ,” ಅಂದಳು. ಇಡೀ ಬರಹದಲ್ಲಿ ಅದೇ ಚೆನ್ನಾಗಿತ್ತು, ಆ ಮಹಾನುಭಾವರ ಪುಟಕ್ಕಿಂತ ಚೆನ್ನಾಗಿತ್ತು. ತೆಗೆದುಬಿಟ್ಟೆ. ಸಾರ್, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ತೆಗೆದ ಆ ಪ್ಯಾರಾ ಯಾವುದು ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ.