ಗೂಡಕ್ಕ ಕೊಟ್ಟ ಉತ್ತರ

ನಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗೂಡಕ್ಕ ಅಂತಲೇ ಕರೆಯುವುದು. ಮದುವೆಯಾದ ಹೊಸದರಲ್ಲಿ ಮಣ್ಣು ಹೊರಲು ಬಂದವಳು, ಇಪ್ಪತ್ತೆರಡು ವರ್ಷದಲ್ಲಿ ಬಟ್ಟಲು ಸುಡುವ ಗೂಡಿಗೇ ಯಜಮಾನಿಯಾದಳು. ಬೀಗದ ಕೈ ಅವಳ ಸೊಂಟದಲ್ಲಿ. ಬೆಂಕಿ ಆರಿಸಿದ ಮೇಲೆ ಬಾಗಿಲ ಚಿಲಕಕ್ಕೆ ಒದ್ದೆ ಬಟ್ಟೆ ನೇತುಹಾಕಿ ಊಟಕ್ಕೆ ಹೋಗುತ್ತಾಳೆ. ಬಂದಾಗ ಬಟ್ಟೆ ಒಣಗಿದ್ದರೆ ಗೂಡು ಇನ್ನೂ ಕಾದಿದೆ ಅಂತ ಅರ್ಥ, ಬಾಗಿಲು ತೆಗೆಯುವಂತಿಲ್ಲ, ತೆಗೆದರೆ ತಣ್ಣನೆ ಗಾಳಿ ಬಡಿದು ಬಟ್ಟಲೆಲ್ಲ ಬಿರುಕು ಬಿಡುತ್ತವೆ. ಗೂಡು ತಣಿಯುವವರೆಗೆ ಅವಳ ಕೆಲಸ ಅಂದರೆ ಬಾಗಿಲಿಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂರುವುದು.

ಹೊಸ ಮ್ಯಾನೇಜರ ಕಣ್ಣಿಗೆ ಬಿದ್ದದ್ದು ಅದೇ. ಲಾರಿ ಬಂದು ನಿಂತಿತ್ತು. ಎರಡನೇ ದಿನವೂ ಬಟ್ಟೆ ಒಣಗಿತ್ತು. ಬಾಗಿಲು ತೆಗಿ ಅಂದರು, ಆಗಲ್ಲ ಅಂದಳು. ಗದರಿದರು, ಜಪ್ಪಯ್ಯ ಅಂದರೂ ಕದಲಲಿಲ್ಲ. ಲಾರಿ ಖಾಲಿ ಹೋಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಾವೆಲ್ಲ ಬೆನ್ನ ಹಿಂದೆ ನಕ್ಕೆವು. ಮೂರನೇ ದಿನ ತೆಗೆದ ಬಟ್ಟಲುಗಳಲ್ಲಿ ಒಂದಕ್ಕೂ ಕೂದಲೆಳೆಯಷ್ಟು ಬಿರುಕಿರಲಿಲ್ಲ. ಅಷ್ಟರಲ್ಲಿ ನೋಟಿಸು ಸಿದ್ಧವಾಗಿತ್ತು.

ಅದನ್ನು ಟೈಪು ಮಾಡಿದವನು ನಾನೇ. 'ಕರ್ತವ್ಯದಲ್ಲಿ ನಿಷ್ಕ್ರಿಯತೆ ತೋರಿದ ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು?' ಮ್ಯಾನೇಜರು ಹೇಳಿದ್ದು, ಸುಮ್ಮನೆ ಕೂತಿದ್ದಳು ಅಂತ ಹಾಕಿ, ಅಷ್ಟೇ. ದಪ್ಪ ಪದ ಹುಡುಕಿ ಹಾಕಿದ್ದು ನನ್ನ ಬುದ್ಧಿವಂತಿಕೆ.

ಮಾರನೇ ಬೆಳಿಗ್ಗೆ ಗೂಡಕ್ಕ ನೋಟಿಸು ಹಿಡಿದು ನನ್ನ ಮೇಜಿನ ಮುಂದೆ ನಿಂತಳು. ಅಳು ಇಲ್ಲ, ಬೈಗುಳ ಇಲ್ಲ.

"ಟೈಪಿನಣ್ಣ, ಈ ನಿಷ್ಕ್ರಿಯತೆ ಅಂದ್ರೆ ಏನು?"

"ಮಾಡಬೇಕಾದ್ದನ್ನ ಮಾಡ್ದೆ ಸುಮ್ನಿರೋದು," ಅಂದೆ.

"ಹಾಗಾದ್ರೆ ತಾರೀಕು ತಪ್ಪಾಗಿದೆ. ಉತ್ತರ ಹೇಳ್ತೀನಿ, ಬರ್ಕೊಳ್ಳಿ."

ಅವಳು ಹೇಳುತ್ತಾ ಹೋದಳು, ನಾನು ಟೈಪು ಮಾಡುತ್ತಾ ಹೋದೆ. ಗೂಡಿನ ಮುಂದೆ ಕೂತದ್ದು ತನ್ನ ಕೆಲಸ, ನಾಳೆ ಹತ್ತು ಲಾರಿ ಬಂದರೂ ಹಾಗೇ ಕೂರುತ್ತಾಳೆ. ಆದರೆ ಹೋದ ವರ್ಷ ಗೂಡಿನ ಮೇಲೆ ಹತ್ತುವ ಏಣಿಯಲ್ಲಿ, ಮೇಲಿನಿಂದ ಮೂರನೇ ಮೆಟ್ಟಿಲು ಸೀಳುಬಿಟ್ಟಿದ್ದನ್ನು ನೋಡಿದ್ದಳು. ಆಫೀಸಿಗೆ ಒಮ್ಮೆ ಹೇಳಿ, ಮತ್ತೆ ಕೇಳದೆ ಹದಿನೈದು ದಿನ ಬಾಯಿಗೆ ಬೀಗ ಹಾಕಿಕೊಂಡಳು. ಗೂಡಿನ ಕೆಲಸಕ್ಕೇ ಇದ್ದ ಅವಳ ಮೈದುನ ಅಲ್ಲಿಂದ ಬಿದ್ದು ಸೊಂಟ ಮುರಿದುಕೊಂಡ. ಈಗಲೂ ಆ ಮೆಟ್ಟಿಲಿಗೆ ತಂತಿ ಸುತ್ತಿ ಜನರನ್ನು ಹತ್ತಿಸುತ್ತಿದ್ದಾರೆ. ನಿಷ್ಕ್ರಿಯತೆಗೆ ತನ್ನನ್ನು ತೆಗೆಯುವುದಾದರೆ ಅದಕ್ಕೆ ತೆಗೆಯಲಿ. ಅದಕ್ಕೂ ಮೊದಲು ಏಣಿ ತೆಗೆಸಲಿ.

'ಆಫೀಸಿಗೆ' ಅನ್ನುವಲ್ಲೇ ನನ್ನ ಬೆರಳು ನಿಂತಿತ್ತು. ಆಫೀಸು ಅಂದರೆ ನಾನು. ಅವಳು ಇದೇ ಮೇಜಿನ ಮುಂದೆ ನಿಂತು ಹೇಳಿದ್ದಳು. ನೋಡೋಣಮ್ಮ ಅಂದು ಚಹಾ ಕುಡಿಯಲು ಎದ್ದವನು ಒಂದು ಚೀಟಿಯನ್ನೂ ಬರೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ ನಾನೇ ಬಾಯಿಬಿಟ್ಟೆ.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

"ನಂದು ನಾನು ಹೇಳ್ದೆ. ನಿಮ್ದು ನೀವು ನೋಡ್ಕೊಳ್ಳಿ."

ಅವಳ ಸಹಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಆ ದೂರನ್ನು ಕೇಳಿಸಿಕೊಂಡೂ ಮೇಲಕ್ಕೆ ಕಳಿಸದವನು ನಾನು. ಸಹಿ ಹಾಕಿ, ಕಾಗದ ಹಿಡಿದು ಅವಳ ಜೊತೆಗೇ ಮ್ಯಾನೇಜರ ಕೋಣೆಗೆ ಹೋದೆ.

ಮ್ಯಾನೇಜರು ಕಾಗದವನ್ನು ಎರಡು ಸಲ ಓದಿ, ಏಣಿ ಎಲ್ಲಿದೆ ಅಂತ ಕೇಳಿದರು. ಗೂಡಕ್ಕ ಹೊರಗೆ ಕೈ ತೋರಿಸಿದಳು. ಬೆಳಿಗ್ಗೆಯೇ ಅದನ್ನು ಹೊತ್ತು ತಂದು ಅವರ ಕೋಣೆಯ ಗೋಡೆಗೇ ಒರಗಿಸಿದ್ದಳು, ಪುಣ್ಯಾತ್ಗಿತ್ತಿ. ಅವರು ಏಣಿಯನ್ನು ಮಲಗಿಸಿ ತಂತಿಯ ಮೆಟ್ಟಿಲನ್ನು ಅಂಗೈಯಿಂದ ಒತ್ತಿದರು. ಅದು ಲಟಕ್ಕನೆ ಮುರಿಯಿತು. ಒಳಗೆ ಹೋಗಿ ನೋಟಿಸು ಹರಿದು ಹಾಕಿದರು. ನನ್ನನ್ನು ಟೈಪಿನ ಮೇಜಿನಿಂದ ಎಬ್ಬಿಸಿ ಗೋದಾಮಿಗೆ ಹಾಕಿದರು. ಬೇಸರವಾಯಿತು, ಅನ್ಯಾಯ ಅನ್ನಿಸಲಿಲ್ಲ.

ಸಂಜೆ ಅವಳ ಮೈದುನನ ಮನೆಗೆ ಹೋದೆ. ಕೋಲೂರಿಕೊಂಡು ಬಂದು ಬಾಗಿಲು ತೆಗೆದ. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಒಳಗೆ ಬನ್ನಿ ಅನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ.

"ನಾನು ಬಿದ್ದ ದಿನಾನೇ ಅತ್ತಿಗೆ ಬಂದು ತಪ್ಪಾಯ್ತು ಅಂದ್ರು," ಅಂದ. "ನೀವು ಇವತ್ತು ಬಂದ್ರಿ."